ಹೂವಿನ ಸೆಂಟಿಗೂ ಸ್ವಭಾವಕ್ಕೂ ಏನು ನಂಟು?

ಏಪ್ರಿಲ್ ತಿಂಗಳ ಒಂದು ಸಂಜೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒದ್ದೆ ಗೋಣಿಯ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ. ಬಿಸಿಲು ಇಳಿದಂತೆ ಮೊಗ್ಗಿನ ತುದಿ ಸಡಿಲಾಗುತ್ತದೆ, ಪರಿಮಳ ಏಳುತ್ತದೆ. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಆ ಹೊತ್ತಿಗಾಗಲೇ ಬಾಳೆನಾರಿನಲ್ಲಿ ಕಟ್ಟಿಸಿಕೊಂಡು, ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಊರೂರು ಸೇರಿರುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೇಸಿಗೆ ಎಂದರೆ ಮಲ್ಲಿಗೆಯ ಕಾಲ. ಗಿಡ ಮೈತುಂಬ ಹೂ ಬಿಡುವ, ಬಡವರ ಜಡೆಗೂ ಒಂದು ಮೊಳ ಹೆಚ್ಚು ಸಿಗುವ ಕಾಲ.

ಅದೇ ಸಂಜೆ ಬೆಂಗಳೂರಿನ ಮಾಲ್ ಒಂದರ ಸೆಂಟಿನ ಕೌಂಟರಿನಲ್ಲಿ ಅದೇ ಹೂವಿನ ವ್ಯಾಪಾರ ಇನ್ನೊಂದು ರೀತಿಯಲ್ಲಿ ನಡೆಯುತ್ತದೆ. ಮಾರಾಟದ ಹುಡುಗಿ ಬಿಳಿ ಕಾಗದದ ಪಟ್ಟಿಗೆ ಸೆಂಟು ಚಿಮುಕಿಸಿ ಮುಂದೆ ಹಿಡಿಯುತ್ತಾಳೆ. “ಸಮ್ಮರ್‌ಗೆ ಫ್ಲೋರಲ್ ತಗೊಳ್ಳಿ ಮೇಡಂ, ನಿಮ್ಮಂಥ ಸಾಫ್ಟ್ ನೇಚರ್‌ನವರಿಗೆ ತುಂಬಾ ಒಪ್ಪುತ್ತೆ.” ಗಂಡಸರ ಕಪಾಟು ಆಚೆ ಬದಿಗೆ. ಅಲ್ಲಿನ ಸೀಸೆಗಳು ಕಪ್ಪು, ಕಡುನೀಲಿ. ಅಲ್ಲಿ ಮಾತೆಲ್ಲ ಮರ, ಚರ್ಮ, ಮಸಾಲೆ, ಸಮುದ್ರದ್ದು.

ಹೂವಿನ ಸೆಂಟು ಹಾಕಿಕೊಂಡವರು ಮೃದು, ಹಸನ್ಮುಖಿ, ಪ್ರೇಮಮಯಿ ಎಂಬ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ, ಅರ್ಧ ನಂಬಿಯೂ ಇದ್ದೇವೆ. ಈ ಸ್ವಭಾವ ಹೂವಿನಲ್ಲೇ ಇದೆಯೇ, ಹಾಕಿಕೊಂಡವರ ಮೈಯಲ್ಲಿದೆಯೇ, ಅಥವಾ ನಡುವೆ ಯಾರಾದರೂ ತಂದು ಸೇರಿಸಿದರೇ?

ಸೆಖೆಯಲ್ಲಿ ಸೆಂಟು ಮಾಡುವ ಕೆಲಸ

ಸೆಂಟು ಎಂದರೆ ಮದ್ಯಸಾರದಲ್ಲಿ ಕರಗಿಸಿದ ಹತ್ತಾರು, ಕೆಲವೊಮ್ಮೆ ನೂರಾರು ವಾಸನೆಯ ವಸ್ತುಗಳ ಮಿಶ್ರಣ. ಇವೆಲ್ಲ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ನಿಂಬೆ, ಕಿತ್ತಳೆ ಜಾತಿಯ ಹಗುರ ಅಣುಗಳು ಮೊದಲ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತವೆ. ಮಲ್ಲಿಗೆ, ಗುಲಾಬಿಯಂಥ ಹೂವಿನ ಪರಿಮಳ ಆಮೇಲೆ ಮುಂದೆ ಬಂದು ಕೆಲವು ತಾಸು ನಿಲ್ಲುತ್ತದೆ. ಶ್ರೀಗಂಧ, ಕಸ್ತೂರಿ ಬಗೆಯ ವಸ್ತುಗಳು, ರಾಳ, ವೆನಿಲಾ ತಳದಲ್ಲಿದ್ದು ರಾತ್ರಿಯವರೆಗೂ ಬಟ್ಟೆಯಲ್ಲಿ ಉಳಿಯುತ್ತವೆ.

ಬಿಸಿಲು ಏರಿದಾಗ ಈ ಲೆಕ್ಕ ಏರುಪೇರಾಗುತ್ತದೆ. ಬಿಸಿ ಚರ್ಮದ ಮೇಲೆ ಹಗುರ ಅಣುಗಳು ಇನ್ನೂ ಬೇಗ ಹಾರುತ್ತವೆ, ತಳದ ಭಾರವಾದ ಸಿಹಿ ಒಮ್ಮೆಲೇ ಉಬ್ಬಿ ಸುತ್ತ ಕೂತವರಿಗೆ ತಲೆನೋವು ತರುತ್ತದೆ. ಚಳಿಗಾಲದಲ್ಲಿ ಹಿತವೆನಿಸಿದ ವೆನಿಲಾ ಮೇ ತಿಂಗಳ ಬಸ್ಸಿನಲ್ಲಿ ಉಸಿರು ಕಟ್ಟಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಬೇಸಿಗೆಯ ಸೆಂಟು ತಯಾರಿಸುವವರು ಮೇಲುಗಡೆ ನಿಂಬೆ ಜಾತಿಯನ್ನು ಹೆಚ್ಚಿಸಿ, ನಡುವೆ ತೆಳುವಾದ ಹೂಗಳನ್ನಿಟ್ಟು, ತಳವನ್ನು ಹಗುರ ಮಾಡುತ್ತಾರೆ. ಪರಿಮಳದ ಪ್ರಮಾಣವನ್ನೂ ಇಳಿಸುತ್ತಾರೆ. ‘ಪರ್ಫ್ಯೂಮ್’ ಎಂದು ಬರೆದ ಸೀಸೆಯಲ್ಲಿ ಸಾಮಾನ್ಯವಾಗಿ ಶೇ 20ಕ್ಕಿಂತ ಹೆಚ್ಚು ಪರಿಮಳ ದ್ರವ್ಯವಿದ್ದರೆ, ‘ಓ ದ ಟಾಯ್ಲೆಟ್’ನಲ್ಲಿ ಶೇ 5ರಿಂದ 15, ‘ಕಲೋನ್’ನಲ್ಲಿ ಅದಕ್ಕೂ ಕಡಿಮೆ. ಕಂಪನಿಯಿಂದ ಕಂಪನಿಗೆ ಈ ಅಂಕಿ ಬದಲಾಗುತ್ತದೆ. ಬೇಸಿಗೆಗೆ ಹೂವು ಒಪ್ಪುತ್ತದೆ ಎಂಬ ಮಾತಿಗೆ ಆಧಾರ ಇಷ್ಟೇ, ತಾಪಮಾನ. ಹಾಕಿಕೊಳ್ಳುವವರ ಗುಣದ ಪ್ರಶ್ನೆ ಇಲ್ಲಿ ಎಲ್ಲೂ ಬರುವುದಿಲ್ಲ.

ಮಲ್ಲಿಗೆಯ ಒಳಗಿರುವುದು

ಮಲ್ಲಿಗೆಯನ್ನು ನಾವು ಮುಗ್ಧತೆಗೆ ಕಟ್ಟಿಹಾಕಿದ್ದೇವೆ. ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದರೆ ಅದು ಬೇರೆಯೇ ಕಥೆ ಹೇಳುತ್ತದೆ. ಅದರಲ್ಲಿ ಹಣ್ಣಿನ ಸಿಹಿ ಕೊಡುವ ಬೆಂಜೈಲ್ ಅಸಿಟೇಟ್ ಇದೆ, ತಾಜಾತನದ ಲಿನಲೂಲ್ ಇದೆ, ಮಲ್ಲಿಗೆಯ ಹೆಸರನ್ನೇ ಹೊತ್ತ ಜಾಸ್ಮೋನ್ ಇದೆ. ಇವುಗಳ ಜೊತೆಗೆ ಇಂಡೋಲ್ ಎಂಬ ವಸ್ತುವೂ ಇದೆ. ಇಂಡೋಲ್ ಪ್ರಾಣಿಗಳ ಮಲದಲ್ಲೂ ಇರುವಂಥದ್ದು. ಗಟ್ಟಿಯಾಗಿದ್ದರೆ ಮೂಗು ಮುಚ್ಚಿಕೊಳ್ಳಬೇಕು, ತೀರಾ ಅಲ್ಪ ಪ್ರಮಾಣದಲ್ಲಿ ಅದೇ ಹೂವಿನ ವಾಸನೆ.

ರಾತ್ರಿ ಮುಚ್ಚಿದ ಕೋಣೆಯಲ್ಲಿ ಮುಡಿದ ಮಲ್ಲಿಗೆ ಅರಳಿ ಕೊಂಚ ಬಾಡಿದಾಗ ಮತ್ತೇರಿಸುವ ಪರಿಮಳ ಬರುತ್ತದಲ್ಲ, ಆ ಆಳ ಬಹುಮಟ್ಟಿಗೆ ಇಂಡೋಲಿನ ಕೊಡುಗೆ. ಇದನ್ನು ತೆಗೆದರೆ ಮಲ್ಲಿಗೆ ಸೋಪಿನ ವಾಸನೆಯಾಗಿಬಿಡುತ್ತದೆ. ಈಗಿನ ಅನೇಕ ಬೇಸಿಗೆ ಸೆಂಟುಗಳು ಹೀಗೆ ತೊಳೆದಿಟ್ಟ ಮಲ್ಲಿಗೆಯವು. ಅವು ನಮ್ಮ ಹಿತ್ತಿಲ ಹೂವಿನಂತಿಲ್ಲ ಎಂದು ನಮ್ಮವರು ದೂರಿದರೆ ಆ ದೂರು ನ್ಯಾಯವಾದದ್ದು.

ಮಲ್ಲಿಗೆ ಸಂಜೆಗೆ ಅರಳುವುದಕ್ಕೂ ಕಾರಣವಿದೆ. ಕತ್ತಲಲ್ಲಿ ಹಾರುವ ಪತಂಗಗಳನ್ನು ದೂರದಿಂದ ಕರೆಯಲು ಬಿಳಿ ಬಣ್ಣ ಮತ್ತು ಬಲವಾದ ಪರಿಮಳ ಎರಡೂ ಬೇಕು. ಗಿಡದಿಂದ ಕಿತ್ತ ಮೇಲೂ ಮೊಗ್ಗು ಪರಿಮಳ ಉತ್ಪಾದಿಸುವುದನ್ನು ನಿಲ್ಲಿಸುವುದಿಲ್ಲ. ನಮ್ಮ ಹೂವಾಡಗಿತ್ತಿಯರು ಮೊಗ್ಗನ್ನೇ ಕಟ್ಟಿ ಕೊಡುವುದು ಇದೇ ಗುಣವನ್ನು ನಂಬಿ. ಕಟ್ಟಿದ್ದು ಮಾರುಕಟ್ಟೆಯಲ್ಲಿ, ಅರಳುವುದು ಮುಡಿದವರ ತಲೆಯಲ್ಲಿ.

ಒಂದು ಟನ್ ಹೂವಿಗೆ ಮೂರು ಕಿಲೋ

ಹೂವಿನಿಂದ ಪರಿಮಳ ಬೇರ್ಪಡಿಸುವುದು ಸುಲಭವಲ್ಲ. ಗುಲಾಬಿಯನ್ನು ನೀರಿನಲ್ಲಿ ಕುದಿಸಿ ಆವಿ ಹಿಡಿಯಬಹುದು. ಉತ್ತರ ಪ್ರದೇಶದ ಕನೌಜ್‌ನಲ್ಲಿ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಬಿದಿರಿನ ಕೊಳವೆಯಲ್ಲಿ ಬಂದ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ ಅತ್ತರು ತೆಗೆಯುವ ಕಸುಬು ಇಂದಿಗೂ ಜೀವಂತ. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದವರು ಹಿಂದೆ ಗಾಜಿನ ಹಲಗೆಗೆ ಕೊಬ್ಬು ಸವರಿ, ಅದರ ಮೇಲೆ ಮಲ್ಲಿಗೆ ಹರಡಿ, ದಿನವೂ ಹೊಸ ಹೂ ಬದಲಾಯಿಸಿ ಕೊಬ್ಬಿಗೆ ಪರಿಮಳ ಹೀರಿಸುತ್ತಿದ್ದರು. ಕಿತ್ತ ಮೇಲೂ ಉಸಿರಾಡುವ ಹೂವಿಗೆ ಇದು ತಕ್ಕ ವಿಧಾನ, ಆದರೆ ತೀರಾ ದುಬಾರಿ.

ಈಗ ದ್ರಾವಕ ಬಳಸುತ್ತಾರೆ. ಹೂ ತೊಳೆದ ದ್ರಾವಕವನ್ನು ಆವಿ ಮಾಡಿದರೆ ಮೇಣದಂಥ ಮುದ್ದೆ ಉಳಿಯುತ್ತದೆ, ಅದನ್ನು ಮದ್ಯಸಾರದಿಂದ ಶುದ್ಧ ಮಾಡಿದಾಗ ಸೆಂಟಿಗೆ ಬೇಕಾದ ಸಾರ ಸಿಗುತ್ತದೆ. ಒಂದು ಟನ್ ಜಾಜಿ ಹೂವಿಗೆ ಸಿಗುವ ಮೇಣ ಸುಮಾರು ಎರಡೂವರೆಯಿಂದ ಮೂರು ಕಿಲೋ, ಅದರಲ್ಲಿ ಸಾರವಾಗುವುದು ಹೆಚ್ಚುಕಡಿಮೆ ಅರ್ಧ. ದುಂಡುಮಲ್ಲಿಗೆಯಲ್ಲಿ ಇನ್ನೂ ಕಡಿಮೆ. ತಮಿಳುನಾಡಿನ ಕಾರ್ಖಾನೆಗಳಲ್ಲಿ ಮೊಗ್ಗಾಗಿ ಬಂದ ದುಂಡುಮಲ್ಲಿಗೆಯನ್ನು ರಾತ್ರಿ ಅರಳುವವರೆಗೆ ಕಾದು, ಆಮೇಲೆ ಪಾತ್ರೆಗೆ ತುಂಬುತ್ತಾರೆ. ಪ್ಯಾರಿಸ್ಸಿನ ಹೆಸರು ಹೊತ್ತ ಎಷ್ಟೋ ಸೀಸೆಗಳೊಳಗಿನ ಮಲ್ಲಿಗೆ ಬೆಳೆದದ್ದು ದಕ್ಷಿಣ ಭಾರತದ ಮಣ್ಣಿನಲ್ಲಿ, ಬಿಡಿಸಿದ್ದು ಇಲ್ಲಿನ ಕೂಲಿ ಹೆಂಗಸರು. ಸೀಸೆಯ ಮೇಲೆ ಅವರ ಊರಿನ ಹೆಸರು ಕಾಣುವುದು ಅಪರೂಪ. ಕಾಣಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರಿಮಳವನ್ನು ಬಿಟ್ಟುಕೊಡದ ಹೂಗಳೂ ಇವೆ. ಯುರೋಪಿನ ‘ಲಿಲಿ ಆಫ್ ದ ವ್ಯಾಲಿ’ ಅಂಥದ್ದು. 1956ರಲ್ಲಿ ಬಂದ ಡಿಯೋರಿಸಿಮೊ ಸೆಂಟಿಗಾಗಿ ಸೆಂಟು ತಯಾರಕ ಎದ್ಮಾಂದ್ ರುದ್ನಿತ್ಸ್ಕಾ ಆ ಗಿಡವನ್ನು ಗ್ರಾಸ್ ಬಳಿಯ ಕಾಬ್ರಿಯ ತಮ್ಮ ತೋಟದಲ್ಲಿ ಬೆಳೆಸಿ, ಮೂಸಿ ಮೂಸಿ ಬೇರೆ ವಸ್ತುಗಳಿಂದ ಅದರ ವಾಸನೆ ಕಟ್ಟಿದರು. ಮುಂದೆ ಅಮೆರಿಕದ ಐಎಫ್‌ಎಫ್ ಕಂಪನಿಯಲ್ಲಿದ್ದ ಭಾರತ ಮೂಲದ ರಸಾಯನ ವಿಜ್ಞಾನಿ ಬ್ರಜ ಮುಖರ್ಜಿ ಗಿಡದಲ್ಲೇ ಇರುವ ಹೂವಿಗೆ ಗಾಜಿನ ಗೂಡು ತೊಡಿಸಿ, ಸುತ್ತಲ ಗಾಳಿಯನ್ನು ಹಿಡಿದು ಪರೀಕ್ಷಿಸುವ ವಿಧಾನವನ್ನು ಬೆಳೆಸಿದರು. ಬದುಕಿರುವ ಹೂವಿನ ವಾಸನೆಯೂ ಕಿತ್ತ ಹೂವಿನ ವಾಸನೆಯೂ ಒಂದೇ ಅಲ್ಲ ಎಂದು ಆಗ ಸ್ಪಷ್ಟವಾಯಿತು.

ಸ್ವಭಾವ ಬಂದದ್ದು ಜಾಹೀರಾತಿನಿಂದ

ಸೆಂಟಿನ ವಾಸನೆಯನ್ನು ಕಾಗದದ ಮೇಲೆ ಅಚ್ಚು ಹಾಕಲಾಗದು, ಟಿವಿಯಲ್ಲಿ ತೋರಿಸಲೂ ಆಗದು. ತೋರಿಸಬಹುದಾದದ್ದು ಒಬ್ಬ ವ್ಯಕ್ತಿಯನ್ನು ಮಾತ್ರ. ಇಪ್ಪತ್ತನೆಯ ಶತಮಾನದ ಸೆಂಟಿನ ವ್ಯಾಪಾರ ನಿಂತದ್ದು ಈ ಉಪಾಯದ ಮೇಲೆ.

1921ರಲ್ಲಿ ಅರ್ನೆಸ್ಟ್ ಬೋ ತಯಾರಿಸಿದ ಶನೆಲ್ ನಂ. 5ರಲ್ಲಿ ಗ್ರಾಸ್ ಮಲ್ಲಿಗೆಯ ಜೊತೆ ಆಲ್ಡಿಹೈಡು ಎಂಬ ಕೃತಕ ವಾಸನೆಯ ವಸ್ತುಗಳೂ ಇದ್ದವು. ಅದನ್ನು ಒಂದೇ ಹೂವಿನ ಹೆಸರಿನಿಂದ ಕರೆಯದೆ ಅಂಕಿಯಿಂದ ಕರೆದರು, ಹೊಸ ಕಾಲದ ಹೆಂಗಸಿನ ಸೆಂಟು ಎಂದರು. 1930ರಲ್ಲಿ ಬಂದ ಜ್ಯಾಂ ಪತೂ ಅವರ ‘ಜಾಯ್’ ತನ್ನನ್ನು ಜಗತ್ತಿನ ಅತಿ ದುಬಾರಿ ಸೆಂಟು ಎಂದು ಕರೆದುಕೊಂಡಿತು. ಒಂದು ಔನ್ಸಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಲ್ಲಿಗೆ ಹೂ ಬೇಕೆಂಬುದು ಕಂಪನಿಯ ಪ್ರಚಾರ. ಮಾರಿದ್ದು ಮಲ್ಲಿಗೆ, ಹೇಳಿದ್ದು ಸಿರಿವಂತಿಕೆ.

ಅಮೆರಿಕದಲ್ಲಿ ಆಗ ಸೆಂಟು ಎಂದರೆ ಬಹುತೇಕ ಗಂಡ ತಂದುಕೊಡುವ ಉಡುಗೊರೆ. 1953ರಲ್ಲಿ ಎಸ್ಟೀ ಲಾಡರ್ ‘ಯೂತ್ ಡ್ಯೂ’ ಅನ್ನು ಸ್ನಾನದ ಎಣ್ಣೆಯ ರೂಪದಲ್ಲಿ ಮಾರುಕಟ್ಟೆಗೆ ತಂದರು. ಸ್ನಾನದ ಸಾಮಾನಾದರೆ ಹೆಂಗಸರು ತಮಗೆ ತಾವೇ ಕೊಂಡುಕೊಳ್ಳಲು ಹಿಂಜರಿಯುವುದಿಲ್ಲ ಎಂಬ ಅವರ ಊಹೆ ನಿಜವಾಯಿತು. 1973ರಲ್ಲಿ ರೆವ್ಲಾನ್ ತಂದ ‘ಚಾರ್ಲಿ’ ಗಂಡು ಹೆಸರಿನ ಹೂವಿನ ಸೆಂಟು. ಅದರ ಜಾಹೀರಾತಿನಲ್ಲಿ ಪ್ಯಾಂಟು ತೊಟ್ಟ ಹೆಣ್ಣು ದಾಪುಗಾಲಿಟ್ಟು ನಡೆದಳು. ದುಡಿಯುವ, ಯಾರಿಗೂ ಕಾಯದ ಹೆಣ್ಣು ಹಾಕಿಕೊಳ್ಳುವುದು ಇದನ್ನು ಎಂಬ ಅರ್ಥ ಹೊಮ್ಮಿತು.

ಒಂದೇ ಮಲ್ಲಿಗೆ ಒಮ್ಮೆ ಶ್ರೀಮಂತೆ, ಒಮ್ಮೆ ಸ್ವತಂತ್ರೆ, ಒಮ್ಮೆ ಮುಗ್ಧೆ. ಕಾಲ ಬದಲಾದಂತೆ ಮಾರುವವರು ಹೂವಿನ ಬಾಯಲ್ಲಿ ಬೇರೆ ಬೇರೆ ಮಾತು ಆಡಿಸಿದರು.

ಕಲ್ಯಾಣದ ಅರಸ, ಕರಗದ ಪೂಜಾರಿ

ಹೂವಿನ ಪರಿಮಳ ಹೆಣ್ಣಿನದು ಎಂಬ ಎಣಿಕೆಯಂತೂ ನಮ್ಮ ನೆಲದಲ್ಲಿ ನಿಲ್ಲುವುದೇ ಇಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ, ಇಂದಿನ ಬಸವಕಲ್ಯಾಣದಿಂದ ಆಳುತ್ತಿದ್ದಾಗ, ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ಬರೆದ. ಅರಸನಾದವನು ಅನುಭವಿಸಬೇಕಾದ ಸುಖಗಳ ಪಟ್ಟಿಯಲ್ಲಿ ಸ್ನಾನ, ತಾಂಬೂಲಗಳ ಜೊತೆಗೆ ಲೇಪನ, ಹೂಮಾಲೆಗಳಿಗೂ ಅಲ್ಲಿ ಜಾಗವಿದೆ, ಯಾವ ಋತುವಿಗೆ ಯಾವ ಲೇಪನ ಎಂಬ ವಿಚಾರವೂ ಇದೆ. ದಂಡು ಕಟ್ಟಿ ಯುದ್ಧಕ್ಕೆ ಹೊರಡುವ ದೊರೆ ಬೇಸಿಗೆಗೆ ತಕ್ಕ ಪರಿಮಳವನ್ನು ಆರಿಸಿಕೊಳ್ಳುತ್ತಿದ್ದ.

ಅಷ್ಟು ಹಿಂದೆ ಹೋಗಬೇಕಾಗಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗವನ್ನು ನೆನೆಯಿರಿ. ತಿಗಳ ಸಮುದಾಯದ ಪೂಜಾರಿ ಹೆಣ್ಣಿನ ಉಡುಗೆಯಲ್ಲಿ, ಗೋಪುರದಂತೆ ಕಟ್ಟಿದ ಮಲ್ಲಿಗೆಯ ಕರಗ ಹೊತ್ತು ನಡೆಯುತ್ತಾನೆ. ಸುತ್ತ ಕತ್ತಿ ಹಿರಿದ ವೀರಕುಮಾರರು. ಜನ ಬೀದಿಯ ಎರಡೂ ಬದಿಯಿಂದ ಮಲ್ಲಿಗೆ ಎರಚುತ್ತಾರೆ. ಆ ರಾತ್ರಿ ತಿಗಳರ ಪೇಟೆಯಲ್ಲಿ ಮಲ್ಲಿಗೆ ಎಂದರೆ ವ್ರತ, ಶಕ್ತಿ, ಪೌರುಷ.

ರಂಜಾನ್ ತಿಂಗಳಲ್ಲಿ ಶಿವಾಜಿನಗರದ ಅತ್ತರಿನ ಅಂಗಡಿಗಳಿಗೆ ಹೋಗಿ ನೋಡಿ. ಗಡ್ಡದ ಹಿರಿಯರೂ ಮೀಸೆ ಚಿಗುರದ ಹುಡುಗರೂ ಮೊಗ್ರಾ (ದುಂಡುಮಲ್ಲಿಗೆ), ಗುಲಾಬಿ ಅತ್ತರನ್ನು ಮುಂಗೈಗೆ ಹಚ್ಚಿಸಿಕೊಂಡು ಆರಿಸುತ್ತಿರುತ್ತಾರೆ. ಇದು ಹೆಂಗಸರದಲ್ಲವೇ ಎಂದು ಯಾರೂ ಕೇಳುವುದಿಲ್ಲ.

ಪಶ್ಚಿಮದಲ್ಲೂ ಹೂವು ಗಂಡಸರ ಸೀಸೆಯನ್ನು ಬಿಟ್ಟುಹೋಗಲಿಲ್ಲ. ಮಲ್ಲಿಗೆಯ ಸಾರವನ್ನು ಶೋಧಿಸುತ್ತಿದ್ದ ಜಿನೀವಾದ ಫಿರ್ಮೆನಿಖ್ ಕಂಪನಿಯವರಿಗೆ ಹೆಡಿಯೋನ್ ಎಂಬ ಗಾಳಿಯಷ್ಟು ತೆಳುವಾದ ಮಲ್ಲಿಗೆಯ ವಸ್ತು ದಕ್ಕಿತು. ಅದೇ ರುದ್ನಿತ್ಸ್ಕಾ 1966ರಲ್ಲಿ ಅದನ್ನು ಬಳಸಿ ‘ಓ ಸೊವಾಜ್’ ತಯಾರಿಸಿದರು. ಅದು ಗಂಡಸರ ಸೆಂಟು. ಆಮೇಲೆ ಹೆಡಿಯೋನ್ ಇಲ್ಲದ ಸೆಂಟು ಹುಡುಕುವುದೇ ಕಷ್ಟವಾಯಿತು. ಹೂವು ತಮಗಾಗದು ಎನ್ನುವ ಗಂಡಸರಲ್ಲಿ ಬಹಳಷ್ಟು ಮಂದಿ ದಿನವೂ ಮಲ್ಲಿಗೆಯ ಅಂಶವನ್ನು ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದಾರೆ.

ಹೆಂಗಸರದಿರಲಿ ಗಂಡಸರದಿರಲಿ, ಹೂವಿನ ಸೆಂಟಿನ ಈ ಕಥೆಗೆ ಮೈಸೂರು ಶ್ರೀಗಂಧ ತಳಹದಿ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಕಳಿಸುವುದು ನಿಂತಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಆರಂಭಿಸಿತು. ಹಾರಿಹೋಗುವ ಹೂವನ್ನು ಹಿಡಿದು ನಿಲ್ಲಿಸಲು ಗಂಧದೆಣ್ಣೆಗಿಂತ ಉತ್ತಮ ಜೊತೆಗಾರ ಇಲ್ಲ. 1989ರಲ್ಲಿ ಗೆರ್ಲಾಂ ಕಂಪನಿಯ ‘ಸಂಸಾರ’ ಹೆಸರು ಮಾಡಿದ್ದು ಮಲ್ಲಿಗೆ ಮತ್ತು ಶ್ರೀಗಂಧದ ಈ ಜೋಡಿಯಿಂದಲೇ.

ನಮ್ಮಲ್ಲಿ ಹೂವು ಹೊತ್ತ ಭಾರ

ನಮ್ಮ ಸಂಪ್ರದಾಯವೇ ನಿರ್ದೋಷಿ ಎಂದು ಹೇಳಿ ಮುಂದೆ ಹೋಗುವುದು ಸರಿಯಲ್ಲ. ನಾವು ಪರಿಮಳದಿಂದ ಸ್ವಭಾವ ಅಳೆಯಲಿಲ್ಲ, ಸ್ಥಾನ ಅಳೆದೆವು. ಮದುವಣಗಿತ್ತಿಗೆ ಮೊಗ್ಗಿನ ಜಡೆ, ಮುತ್ತೈದೆಗೆ ಅರಿಸಿನ ಕುಂಕುಮದ ಜೊತೆ ಮೊಳ ಹೂವು. 1942ರಲ್ಲಿ ಮೊದಲು ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ದಾಂಪತ್ಯದ ಒಲವಿಗೆ ಈ ಹೂವನ್ನೇ ಹೆಸರಾಗಿಸಿತು. ಅದು ಈ ಸಂಪ್ರದಾಯದ ಚೆಲುವಾದ ಮುಖ.

ಇನ್ನೊಂದು ಮುಖ ಕ್ರೂರ. ಗಂಡ ಸತ್ತ ಹೆಣ್ಣಿನ ತಲೆಯಿಂದ ನಾವು ಹೂ ಕಿತ್ತೆವು. ಹುಟ್ಟಿದಂದಿನಿಂದ ಮುಡಿದ ಹೂವನ್ನು ಒಂದೇ ದಿನದಲ್ಲಿ ನಿಷಿದ್ಧ ಮಾಡಿದೆವು, ಶುಭಕಾರ್ಯದ ತಟ್ಟೆ ಅವಳ ಮುಂದೆ ಬಂದಾಗ ಪಕ್ಕಕ್ಕೆ ಸರಿಸಿದೆವು. ಮಗಳ ಮದುವೆಯಲ್ಲಿ ಎಲ್ಲರ ತಲೆಯಲ್ಲೂ ಮಲ್ಲಿಗೆ ಘಮಘಮಿಸುವಾಗ ಬರಿ ತಲೆಯಲ್ಲಿ ನಿಂತ ತಾಯಂದಿರು ಇಂದಿಗೂ ಇದ್ದಾರೆ. ಜಾಹೀರಾತು ಹೂವಿಗೆ ಅಂಟಿಸಿದ ಸುಳ್ಳಿಗಿಂತ ಇದು ದೊಡ್ಡ ಅನ್ಯಾಯ. ಯಾರ ಬದುಕಿನ ಸ್ಥಿತಿಗೂ ಹೂವನ್ನು ಪ್ರಮಾಣಪತ್ರ ಮಾಡಬಾರದು.

ಮೂಸುವವರ ತೀರ್ಪು

ಹಾಗಾದರೆ ವಾಸನೆ ವ್ಯಕ್ತಿಯ ಬಗ್ಗೆ ಏನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ಹೇಳಿಸುವುದು ಬಹುಪಾಲು ಮೂಸುವವರ ಮನಸ್ಸು.

ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆಗ್ರಾಹಕಗಳಿವೆ. ಇವುಗಳ ಜೀನ್ ಕುಟುಂಬವನ್ನು ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮೂಗಿನಿಂದ ಹೊರಟ ಸುದ್ದಿ ಭಾವನೆ ಮತ್ತು ನೆನಪಿನ ಮಿದುಳಿನ ಭಾಗಗಳನ್ನು ತೀರ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಅದಕ್ಕೇ ಒಂದು ವಾಸನೆ ಬಂದೊಡನೆ, ಹೆಸರು ಹೊಳೆಯುವ ಮೊದಲೇ, ಹಿತವೋ ಅಹಿತವೋ ಮೂಡಿಬಿಡುತ್ತದೆ. ಅಜ್ಜಿಯ ಜಡೆಯ ಮಲ್ಲಿಗೆ ನೆನಪಿರುವವರಿಗೆ ಆ ಸೆಂಟು ವಾತ್ಸಲ್ಯ. ಶವಯಾತ್ರೆಯ ಹಾರದ ನೆನಪಿರುವವರಿಗೆ ಅದೇ ಸೆಂಟು ಸಂಕಟ.

ಈ ತೀರ್ಪಿಗೆ ಪರಿಣಾಮವೂ ಇದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಬ್ಯಾರನ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲಸದ ಸಂದರ್ಶನಕ್ಕೆ ಸೆಂಟು ಹಾಕಿಕೊಂಡು ಬಂದವರಿಗೆ ಗಂಡು ಸಂದರ್ಶಕರು ಕಡಿಮೆ ಅಂಕ ಕೊಟ್ಟರು, ಹೆಣ್ಣು ಸಂದರ್ಶಕರು ಹೆಚ್ಚು ಕೊಟ್ಟರು. 2002ರಲ್ಲಿ ಸಬೀನ್ ಚೆಸ್ನಿ ಮತ್ತು ಡಾಗ್ಮಾರ್ ಸ್ಟಾಲ್‌ಬರ್ಗ್ ಮುಂದಿಟ್ಟ ಅಧ್ಯಯನದಲ್ಲಿ ಗಂಡಸರದು ಎನಿಸಿಕೊಂಡ ಸೆಂಟಿನ ವಾಸನೆ ಬಂದಾಗ ನಾಯಕತ್ವದ ಹುದ್ದೆಗೆ ಆರಿಸುವ ಮನಸ್ಸು ಗಟ್ಟಿಯಾಯಿತು, ಹೆಂಗಸರದು ಎನಿಸಿದ್ದಕ್ಕೆ ಸಡಿಲವಾಯಿತು. ಹೂವಿನ ಸೆಂಟಿಗೆ ‘ಮೃದು’ ಎಂಬ ಚೀಟಿ ಅಂಟಿಸುವುದು ನಿರುಪದ್ರವಿ ಸಂಗತಿಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಅದು ಒಬ್ಬರ ಹುದ್ದೆಯನ್ನೇ ತಪ್ಪಿಸಬಲ್ಲದು.

ಆರಿಸಿಕೊಳ್ಳುವ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಪ್ರಾಗ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನ ತಾವೇ ಆರಿಸಿಕೊಂಡ ಸೆಂಟು ಅವರ ಮೈವಾಸನೆಯೊಂದಿಗೆ ಬೆರೆತಾಗ, ಬೇರೆಯವರು ಆರಿಸಿಕೊಟ್ಟ ಸೆಂಟಿಗಿಂತ ಹಿತವಾಗಿತ್ತು. ಸೀಸೆಯಲ್ಲಿ ಎರಡೂ ಸಮವೇ. ಅದಕ್ಕೂ ಮೊದಲು, 2001ರಲ್ಲಿ, ಸಂಶೋಧಕರಾದ ಮಿಲಿನ್‌ಸ್ಕಿ ಮತ್ತು ವೆಡೆಕಿಂಡ್ ರೋಗನಿರೋಧಕ ಜೀನುಗಳಿಗೂ ತನಗಾಗಿ ಆರಿಸುವ ಪರಿಮಳಕ್ಕೂ ಸಂಬಂಧವಿದೆ ಎಂದು ತೋರಿಸಿದ್ದರು. ನಮ್ಮ ಮೂಗಿಗೆ ನಮ್ಮ ಮೈಯ ಪರಿಚಯವಿದೆ. ಆ ಪರಿಚಯ ಅಂಗಡಿಯವರಿಗಿಲ್ಲ, ಸ್ವಭಾವದ ಪಟ್ಟಿಗೂ ಇಲ್ಲ.

ಕೊಳ್ಳುವ ಮೊದಲು

ಕಾಗದದ ಪಟ್ಟಿಯ ಮೇಲಿನ ವಾಸನೆಗೆ ಮರುಳಾಗಬೇಡಿ. ಮುಂಗೈಗೆ ಹಾಕಿಸಿಕೊಂಡು ಅಂಗಡಿಯಿಂದ ಹೊರಬಂದು ಬಿಸಿಲಲ್ಲಿ ಸ್ವಲ್ಪ ನಡೆಯಿರಿ. ಹೂವಿನ ಭಾಗ ಮುಂದೆ ಬರಲು ಅರ್ಧ ಗಂಟೆಯಾದರೂ ಬೇಕು, ತಳ ತಿಳಿಯಲು ಅರ್ಧ ದಿನ. ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ಮೂಸಿದರೆ ಮೂಗು ದಣಿಯುತ್ತದೆ.

ಬೇಸಿಗೆಯಲ್ಲಿ ಸ್ನಾನ ಮಾಡಿದ ಮೈಗೆ ಎರಡು ಸಲ ಒತ್ತಿದರೆ ಸಾಕು. ಬೆವರಿನ ಮೇಲೆ ಸುರಿದುಕೊಂಡರೆ ಬೆವರೂ ಉಳಿಯುತ್ತದೆ, ಸೆಂಟೂ ಕೆಡುತ್ತದೆ. ನಿಂಬೆ ಜಾತಿಯ ಕೆಲವು ಎಣ್ಣೆಗಳು ಬಿಸಿಲು ಬಿದ್ದ ಚರ್ಮದ ಮೇಲೆ ಕಪ್ಪು ಕಲೆ ಮಾಡಬಲ್ಲವು. ಕುತ್ತಿಗೆಯ ತೆರೆದ ಭಾಗಕ್ಕೆ ಹಾಕಿಕೊಂಡು ಬಿಸಿಲಿಗೆ ಹೋಗಬೇಡಿ. ಹೂವಿನ ಸಾರದಲ್ಲಿರುವ ಲಿನಲೂಲ್ ಗಾಳಿಗೆ ಹಳತಾದಂತೆ ಕೆಲವರಿಗೆ ತುರಿಕೆ ತರುತ್ತದೆ, ಆದ್ದರಿಂದ ಸೀಸೆಯನ್ನು ಮುಚ್ಚಿ, ತಂಪಾದ ಕತ್ತಲಿನ ಜಾಗದಲ್ಲಿಡಿ. ಕಿಟಕಿಯ ಪಕ್ಕ, ಕಾರಿನೊಳಗೆ ಬೇಡವೇ ಬೇಡ. ರೇಷ್ಮೆ ಸೀರೆಗೆ ನೇರ ಒತ್ತಿದರೆ ಕಲೆ ಉಳಿಯಬಹುದು.

ಆಫೀಸಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಪಕ್ಕದವರಿಗೂ ಮೂಗಿದೆ ಎಂಬುದು ನೆನಪಿರಲಿ. ಕೈಯಳತೆಯ ದೂರದಲ್ಲಿ ನಿಂತವರಿಗೆ ತಿಳಿದರೆ ಸಾಕು, ಇಡೀ ಕೋಣೆಗೆ ತಿಳಿಯಬೇಕಿಲ್ಲ.

ಇನ್ನು ನಿಮ್ಮ ಮನೆಯ ಹುಡುಗ ಮಲ್ಲಿಗೆಯ ಸೆಂಟು ಕೇಳಿದರೆ ಕೊಡಿಸಿ. ಮಗಳಿಗೆ ಮರದ, ಮಸಾಲೆಯ ವಾಸನೆ ಹಿಡಿಸಿದರೆ ಅದನ್ನೇ ಕೊಡಿಸಿ. ಗಂಡನನ್ನು ಕಳೆದುಕೊಂಡ ಅಕ್ಕನೋ ಅತ್ತೆಯೋ ಮನೆಯಲ್ಲಿದ್ದರೆ ಈ ಬೇಸಿಗೆಯಲ್ಲಿ ಎಲ್ಲರಿಗೂ ಹೂ ತರುವಾಗ ಅವರಿಗೂ ಒಂದು ಮೊಳ ತನ್ನಿ.